ನಾಲ್ಕನೇ ಕುರ್ಚಿಯವರ ಹವಳ

ನಮ್ಮತ್ತೆ ಇಪ್ಪತ್ತೆಂಟು ವರ್ಷ ಒಂದು ಆಸ್ಪತ್ರೆಯಲ್ಲಿ ನೀರು ಕಾದಳು. ಕಾಯಿಸಿದ್ದಲ್ಲ, ಕಾದದ್ದು, ಹಸುಗೂಸನ್ನು ಕಾಯುವ ಹಾಗೆ. ಮೂತ್ರಪಿಂಡ ಕೈಕೊಟ್ಟವರ ರಕ್ತ ತೊಳೆಯುವ ಡಯಾಲಿಸಿಸ್ ವಿಭಾಗದಲ್ಲಿ ಅವಳು ತಂತ್ರಜ್ಞೆಯಾಗಿದ್ದಳು. ಆ ಯಂತ್ರದ ಪಕ್ಕ ಒಬ್ಬರು ನಾಲ್ಕು ಗಂಟೆ ಕೂತರೆ ನೂರಿಪ್ಪತ್ತು ಲೀಟರ್ ನೀರು ಅವರ ರಕ್ತದ ಮಗ್ಗುಲಲ್ಲೇ, ತೆಳುವಾದ ಪೊರೆಯ ಆಚೆ ಬದಿಯಲ್ಲಿ ಹರಿದುಹೋಗುತ್ತದೆ. ನಲ್ಲಿಯ ಕ್ಲೋರಿನ್ ಆ ನೀರಿನಲ್ಲಿ ಉಳಿದುಬಿಟ್ಟರೆ ರಕ್ತದ ಕಣಗಳು ಒಡೆಯುತ್ತವೆ. ಅದಕ್ಕೇ ಅತ್ತೆ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಹಿಂದಿನ ಕೋಣೆಯ ಕೊಳವೆಯಿಂದ ಒಂದಿಷ್ಟು ನೀರು ಹಿಡಿದು, ಅದಕ್ಕೆ ಚಿಟಿಕೆ ಪುಡಿ ಹಾಕಿ, ಬೆಳಕಿಗೆ ಎತ್ತಿ ನೋಡುತ್ತಿದ್ದಳು. ನೀರು ತಿಳಿಯಾಗಿಯೇ ಇದ್ದರೆ ಸರಿ. ನಸುಗೆಂಪಾದರೆ ಆ ದಿನ ಯಾರನ್ನೂ ಯಂತ್ರಕ್ಕೆ ಜೋಡಿಸುವಂತಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ನೀರಮ್ಮ ಅಂತಲೇ ಹೆಸರು.

ನಮ್ಮ ಮನೆಯಲ್ಲಿ ನಾವು ಮೂವರು: ಅಮ್ಮ, ಅತ್ತೆ, ನಾನು. ಅತ್ತೆ ನಮ್ಮಪ್ಪನ ತಂಗಿ. ಹದಿನಾಲ್ಕು ತಿಂಗಳ ಮದುವೆಯೊಂದನ್ನು ಮುಗಿಸಿಕೊಂಡು, ಒಂದು ಸೂಟ್‌ಕೇಸ್ ಹಿಡಿದು ಅಣ್ಣನ ಮನೆಗೆ ಬಂದಿದ್ದಳು. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಆಮೇಲೂ ಅವಳು ಅತ್ತಿಗೆಯ ಜೊತೆಗೇ ಉಳಿದಳು. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಸೂರಿನಡಿ ಅಷ್ಟು ವರ್ಷ ಹೇಗೆ ಬಾಳಿದರು ಅಂತ ಕೇಳಿದರೆ ಕಾರಣ ಒಂದೇ: ಅಮ್ಮ ಮಾತು ನಿಲ್ಲಿಸುತ್ತಿರಲಿಲ್ಲ, ಅತ್ತೆ ಮಾತು ಶುರು ಮಾಡುತ್ತಿರಲಿಲ್ಲ. "ನಿಮ್ಮತ್ತೆ ಬಾಯಿಂದ ಮುತ್ತು ಉದುರ್ತಾವೆ ಅಂತ ಕಾಯ್ತಾ ಕೂತ್ರೆ ಊಟದ ಹೊತ್ತು ಮೀರಿಹೋಗತ್ತೆ" ಅನ್ನುತ್ತಿದ್ದಳು ಅಮ್ಮ.

ಕೆಲಸದ ಜಾಗದಲ್ಲೂ ಅತ್ತೆ ಹಾಗೆಯೇ. ವಿಭಾಗದಲ್ಲಿ ಆರು ಒರಗು ಕುರ್ಚಿಗಳಿದ್ದವು. ಅವುಗಳಲ್ಲಿ ಕೂರುವವರನ್ನು ಅವಳು ಹೆಸರಿನಿಂದ ಕರೆಯುತ್ತಿರಲಿಲ್ಲ. ಒಂದನೇ ಕುರ್ಚಿಯವರು, ಐದನೇ ಕುರ್ಚಿಯಾಕೆ, ಹೀಗೆ. ಮೊದಲು ಹಾಗಿರಲಿಲ್ಲವಂತೆ. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಗ್ರಂಥಾಲಯದಲ್ಲಿ ಗುಮಾಸ್ತೆಯಾಗಿದ್ದ ಒಬ್ಬ ಹುಡುಗಿ ಎರಡನೇ ಕುರ್ಚಿಗೆ ಬರುತ್ತಿದ್ದಳು. ಅವಳೂ ಅತ್ತೆಯೂ ಪತ್ರಿಕೆಯ ಪದಬಂಧ ತುಂಬಿಸುತ್ತ ನಾಲ್ಕು ಗಂಟೆ ಕಳೆಯುತ್ತಿದ್ದರು. ಒಂದು ಗುರುವಾರ ಆ ಕುರ್ಚಿ ಖಾಲಿ ಉಳಿಯಿತು. ಅರ್ಧ ತುಂಬಿದ ಪದಬಂಧ ಅತ್ತೆಯ ಬಿಳಿ ಕೋಟಿನ ಜೇಬಿನಲ್ಲಿತ್ತು. ಅಂದಿನಿಂದ ಅವಳು ಸೂಜಿ ಚುಚ್ಚುವಾಗ "ಸ್ವಲ್ಪ ನೋಯತ್ತೆ", ತೆಗೆಯುವಾಗ "ಒತ್ತಿ ಹಿಡ್ಕೊಳ್ಳಿ", ಇವೆರಡೇ ಮಾತು ಇಟ್ಟುಕೊಂಡಳು. ಆದರೆ ಅವಳ ಕೈ ಮಾತ್ರ ಹೂವಿನಷ್ಟು ಹಗುರ. ರಕ್ತನಾಳ ಸಿಗದೆ ಬೇರೆಯವರು ಪರದಾಡಿದಾಗ ಕೊನೆಗೆ ಕರೆಯುತ್ತಿದ್ದದ್ದು ಅವಳನ್ನೇ.

ಅತ್ತೆಗೆ ನಲವತ್ತೇಳಾದ ವರ್ಷ ನಾಲ್ಕನೇ ಕುರ್ಚಿಗೆ ಹೊಸಬರೊಬ್ಬರು ಬಂದರು. ಮೂವತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು, ಅರವತ್ತಾರರ ಪ್ರಾಯ, ಕುಳ್ಳಗಿನ ಆಳು. ಎಲ್ಲರೂ ಅವರನ್ನು ಲಿಫ್ಟ್ ಯಜಮಾನರು ಅಂತ ಕರೆಯತೊಡಗಿದರು. ಮೊದಲ ದಿನ ಸೂಜಿ ಚುಚ್ಚಿಸಿಕೊಂಡ ಮೇಲೆ ಸಾಮಾನ್ಯವಾಗಿ ಜನ ಕೇಳುವುದು "ಎಷ್ಟು ಹೊತ್ತು?" ಅಂತ, ಇಲ್ಲವೇ "ಎಷ್ಟು ವರ್ಷ?" ಅಂತ. ಇವರು ಕೇಳಿದ್ದೇ ಬೇರೆ.

"ಅಮ್ಮಾ, ಈ ನೀರು ಎಲ್ಲಿಂದ ಬರತ್ತೆ?"

"ನಲ್ಲಿಯಿಂದ."

"ಅದು ಗೊತ್ತಾಯ್ತು. ನಲ್ಲಿಯಿಂದ ಇಲ್ಲಿಗೆ ಬರೋ ಅಷ್ಟ್ರಲ್ಲಿ ಏನೇನು ದಾಟ್ಕೊಂಡು ಬರತ್ತೆ?"

ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅತ್ತೆ, "ಮರಳು. ಆಮೇಲೆ ಇದ್ದಿಲು. ಆಮೇಲೆ ಉಪ್ಪು ತಡೆಯೋ ಪೊರೆ" ಅಂದಳು.

"ಒಳ್ಳೇದು. ನಮ್ಮನೇಲೂ ಹಾಗೇ ಮಾಡ್ತೀನಿ. ಆದ್ರೆ ಉಪ್ಪೆಲ್ಲ ತೆಗೆದಾದ ಮೇಲೆ ನಾನು ಮತ್ತೆ ಉಪ್ಪು ಹಾಕ್ತೀನಿ. ನಮ್ಮನೇಲಿ ಒಂದು ಚಿಕ್ಕ ಸಮುದ್ರ ಇದೆ."

ರಕ್ತದಲ್ಲಿ ಕಲ್ಮಷ ಏರಿದವರಿಗೆ ಒಮ್ಮೊಮ್ಮೆ ತಲೆ ಗೊಂದಲವಾಗುವುದುಂಟು. ಅತ್ತೆ ಸದ್ದಿಲ್ಲದೆ ಹೋಗಿ ಡಾಕ್ಟರಿಗೆ ಹೇಳಿಬಂದಳು. ಡಾಕ್ಟರ್ ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಇವತ್ತು ಯಾವ ವಾರ?" ಅಂತ ಕೇಳಿದರು. ಯಜಮಾನರಿಗೆ ಅರ್ಥವಾಗಿ ಹೊಟ್ಟೆ ಕುಲುಕಿಸಿ ನಕ್ಕು, ಫೋನಿನಲ್ಲಿದ್ದ ಚಿತ್ರ ತೋರಿಸಿದರು. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಅದರ ನಡುವೆ ಮರಳಿನ ಮೇಲೆ ಹಸಿರು ಹೂಗಳ ಒಂದು ಪೊದೆ.

"ಗಿಡ ಅಲ್ಲ, ಹವಳ" ಅಂದರು. "ಹವಳ ಅಂದ್ರೆ ಜನ ಸರದಲ್ಲಿರೋ ಕೆಂಪು ಮಣಿ ಅಂದ್ಕೋತಾರೆ. ಇದು ಕಲ್ಲು ಕಟ್ಟೋ ಹವಳ. ಹೂವಿನ ಹಾಗೆ ಕಾಣ್ತಾವಲ್ಲ, ಒಂದೊಂದೂ ಒಂದೊಂದು ಜೀವ. ಎಲ್ಲಾ ಸೇರಿ ಕೆಳಗೆ ಒಂದು ಕಲ್ಲಿನ ಚೆಂಡು ಕಟ್ಟಿಕೊಂಡಿದಾವೆ. ಹೂಕುಂಡದ ಹವಳ ಅಂತಾರೆ. ಸಮುದ್ರದಿಂದ ಕಿತ್ತು ತಂದಿದ್ದಲ್ಲ ಮತ್ತೆ! ಒಬ್ಬರ ತೊಟ್ಟೀಲಿ ಹುಟ್ಟಿದ ಮರಿ, ನೆಲ್ಲಿಕಾಯಿ ಅಷ್ಟಿತ್ತು, ಕೊಟ್ರು. ಈಗ ಎಂಟು ವರ್ಷ."

ಆಮೇಲೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಯಜಮಾನರು ಹವಳದ ಕಥೆ ಹೇಳಿದರು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯಿದ್ದು ಬೆಳಕಿನಿಂದ ಅಡುಗೆ ಮಾಡಿಕೊಡುತ್ತದೆ. ಆದರೆ ಈ ಜಾತಿಗೆ ಅಷ್ಟು ಸಾಲದು. ಬೇರೆಯವರ ಮನೆಯಲ್ಲಿ ಇದು ವರ್ಷವಿಡೀ ಚೆನ್ನಾಗಿ ಅರಳಿಕೊಂಡೇ ಇದ್ದು, ಒಳಗೊಳಗೇ ಉಪವಾಸ ಬಿದ್ದು, ಒಂದು ದಿನ ಮುದುಡಿ ಸತ್ತುಹೋಗುತ್ತದೆ. ಅಂಗಡಿಯವರು ಕೂಡ "ಇದೊಂದು ಬಿಟ್ಟು ಬೇರೆ ತಗೊಳ್ಳಿ" ಅನ್ನುತ್ತಾರೆ. ದಿನಾ ಅದಕ್ಕೆ ಹಿಟ್ಟಿನಷ್ಟು ನುಣುಪಾದ ಆಹಾರವನ್ನು ಸಿರಿಂಜಿನಲ್ಲಿ ಉಣ್ಣಿಸಬೇಕು. ಅತ್ತೆ ಎಲ್ಲಕ್ಕೂ "ಹೂಂ" ಅನ್ನುತ್ತಿದ್ದಳು, ಅಷ್ಟೇ. ಆದರೆ ಒಂದು ಸಂಜೆ ಬಟ್ಟೆ ಮಡಚುತ್ತಿದ್ದವಳು ತಾನಾಗಿ ಬಾಯಿಬಿಟ್ಟು ಕೇಳಿದಳು: "ಹವಳಕ್ಕೆ ಒಂದೇ ಬಾಯಂತೆ. ತಿನ್ನೋದಕ್ಕೂ ಅದೇ, ಉಗುಳೋದಕ್ಕೂ ಅದೇ. ನಿಂಗೆ ಗೊತ್ತಿತ್ತಾ?"

ಅಮ್ಮ ನನ್ನ ಕಡೆ ನೋಡಿದಳು. "ಸದ್ಯ, ಯಾವುದಾದ್ರೂ ಬಾಯಿ ವಿಷಯ ಎತ್ತಿದ್ಲಲ್ಲ."

ಏಳು ತಿಂಗಳಾದ ಮೇಲೆ ಯಜಮಾನರು ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಐದು ವಾರ ಅಲ್ಲೇ ಇರಬೇಕು. ರಕ್ತ ತೊಳೆಸಲು ಅವರನ್ನು ಮಂಚದ ಸಮೇತ ಲಿಫ್ಟಿನಲ್ಲಿ ಕೆಳಗೆ ತರುತ್ತಿದ್ದರು. ಅಷ್ಟು ನೋವಿನಲ್ಲೂ ಮನುಷ್ಯ ಲಿಫ್ಟಿನ ಸದ್ದಿಗೆ ಕಿವಿಗೊಟ್ಟು, "ಎರಡನೇ ಮಹಡಿ ಹತ್ರ ಗೈಡ್ ಕಂಬಿಗೆ ಎಣ್ಣೆ ಇಲ್ಲ" ಅಂತ ವಾರ್ಡಿನವನಿಗೆ ಹೇಳಿದ್ದರಂತೆ.

ಆ ದಿನ ಸೂಜಿ ಚುಚ್ಚುತ್ತಿದ್ದ ಅತ್ತೆಯ ಮಣಿಕಟ್ಟನ್ನು ಅವರು ಮೆಲ್ಲಗೆ ಹಿಡಿದುಕೊಂಡರು.

"ಒಂದು ಕೇಳ್ತೀನಿ, ಇಲ್ಲ ಅನ್ಬೇಡಿ. ನಮ್ಮಾಕೆಗೆ ಕಣ್ಣು ನಡುವೆ ಕಾಣಲ್ಲ, ಅಂಚಲ್ಲಿ ಮಾತ್ರ ಕಾಣತ್ತೆ. ಅಳತೆ ಗೆರೆ ಓದೋಕಾಗಲ್ಲ. ನಮಗೆ ಮಕ್ಕಳಿಲ್ಲ. ಹವಳನ ಒಂದು ಐದು ವಾರ ನೋಡ್ಕೋತೀರಾ?"

"ನಾನು ಯಾರ ಮನೆಗೂ ಹೋಗಲ್ಲ" ಅಂದಳು ಅತ್ತೆ.

"ನೀರು ಗೊತ್ತಿರೋರು ನನಗೆ ನೀವೊಬ್ರೇ ಪರಿಚಯ."

ಅತ್ತೆ ಪಟ್ಟಿ ಅಂಟಿಸಿ ಮುಂದಿನ ಕುರ್ಚಿಗೆ ಹೋದಳು. ಮನೆಗೆ ಬಂದವಳು ತಟ್ಟೆಯಲ್ಲಿನ ಅನ್ನ ಕಲಸುತ್ತಲೇ ಕೂತಳು. ಅಮ್ಮ ಮೂರು ಸಲ ಕೇಳಿದ ಮೇಲೆ ವಿಷಯ ಹೊರಬಿತ್ತು. "ಅಯ್ಯೋ, ಅದಕ್ಕೇನು, ಹೋಗಿ ಬಾ. ಇವಳನ್ನೂ ಕರ್ಕೊಂಡು ಹೋಗು" ಅಂತ ಅಮ್ಮ ನನ್ನನ್ನು ಜೊತೆಗೆ ಹಚ್ಚಿದಳು. ನಾನು ಆಗ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಐದಕ್ಕೆ ಬಿಡುವಾಗುತ್ತಿತ್ತು.

ಯಜಮಾನರ ಮನೆ ಬಸ್ ಡಿಪೋದ ಹಿಂದಿನ ಮೂರನೇ ಬೀದಿಯಲ್ಲಿ, ಟೈರ್ ಅಂಗಡಿಯ ಮೇಲೆ. ಕಡಿದಾದ ಮೆಟ್ಟಿಲು, ರಬ್ಬರ್ ವಾಸನೆ. ಬಾಗಿಲು ತೆಗೆದ ಹೆಂಗಸು ನಮ್ಮ ಮುಖ ನೋಡಲು ತಮ್ಮ ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸಿಕೊಂಡರು. "ಬನ್ನಿ ಬನ್ನಿ. ನನ್ನ ಸವತಿನ ನೋಡೋಕೆ ಬಂದಿರಾ? ಒಳಗಿದಾಳೆ, ಮಹಾರಾಣಿ ಹಾಗೆ."

ಕೋಣೆಯಲ್ಲಿ ಹೊಲಿಗೆ ಯಂತ್ರ, ಎರಡು ಕುರ್ಚಿ, ಗೋಡೆಗೆ ತಾಗಿ ಆ ತೊಟ್ಟಿ. ನಾನೂರು ಕಿಲೋ ತೂಗುವ ಅದನ್ನು ಯಜಮಾನರು ಕೆಳಗಿನ ಅಂಗಡಿಯ ತೊಲೆ ಎಲ್ಲಿ ಹಾದುಹೋಗಿದೆಯೋ ಅಳೆದು ಅದರ ನೇರಕ್ಕೇ ಇಟ್ಟಿದ್ದರು. ಭಾರ ಹೊರುವ ಕೆಲಸ ಬಲ್ಲವರು. ನೀಲಿ ಬೆರೆತ ಬೆಳಕಿನಲ್ಲಿ ಹವಳ ಅರಳಿ ಕೂತಿತ್ತು. ಫೋನಿನ ಚಿತ್ರದಲ್ಲಿ ಕಾಣದ್ದು ಅದರ ಅಲುಗಾಟ. ನನ್ನ ಕಿರುಬೆರಳಿನುದ್ದದ ನೂರಾರು ಕಾಂಡಗಳು, ಒಂದೊಂದರ ತುದಿಗೂ ಒಂದು ಹಸಿರು ಹೂ, ನಡುವೆ ತಿಳಿ ಹಳದಿ ಬಾಯಿ. ಪಂಪಿನ ನೀರು ಬೀಸಿದಂತೆಲ್ಲ ಎಲ್ಲವೂ ಒಟ್ಟಿಗೆ ವಾಲಿ, ಒಟ್ಟಿಗೆ ಏಳುತ್ತಿದ್ದವು. ಎರಡು ಪಟ್ಟೆ ಮೀನುಗಳು ಅದರ ಮೇಲೆ ತಮ್ಮ ಪಾಡಿಗೆ ಅಡ್ಡಾಡುತ್ತಿದ್ದವು. ಅತ್ತೆ ಚೀಲ ಕೆಳಗಿಡುವುದನ್ನೂ ಮರೆತು ನಿಂತಿದ್ದಳು.

ಯಜಮಾನರ ಪುಸ್ತಕ ತೊಟ್ಟಿಯ ಪಕ್ಕದಲ್ಲೇ ನೇತಾಡುತ್ತಿತ್ತು. ಲಿಫ್ಟ್ ಕಂಪನಿಯ ಹಳೆಯ ದೂರು ಪುಸ್ತಕ. "ದಿನಾಂಕ, ದೂರು, ತೆಗೆದುಕೊಂಡ ಕ್ರಮ" ಅಂತ ಅಚ್ಚಾದ ಕಾಲಂಗಳಲ್ಲಿ ಎಂಟು ವರ್ಷದ ಹವಳದ ಸಮಾಚಾರ. "ದೂರು: ಎಡಗಡೆ ಹೂಗಳು ಸಪ್ಪಗೆ. ಕ್ರಮ: ದೀಪ ನಾಲ್ಕು ಬೆರಳು ಮೇಲೆತ್ತಿದೆ. ದೂರು: ಏನೂ ಇಲ್ಲ. ಕ್ರಮ: ಸುಮ್ಮನೆ ಕೂತು ನೋಡಿದೆ." ದಿನಾ ಆವಿಯಾದಷ್ಟು ಶುದ್ಧ ನೀರನ್ನು ತುಂಬಬೇಕು, ನೀರು ಆವಿಯಾದರೂ ಉಪ್ಪು ಹಿಂದೆಯೇ ಉಳಿಯುತ್ತದೆ. ಅದನ್ನು ಅತ್ತೆಗೆ ಬಿಡಿಸಿ ಹೇಳಬೇಕಿರಲಿಲ್ಲ. ವಾರಕ್ಕೊಮ್ಮೆ ನಲವತ್ತು ಲೀಟರ್ ತೆಗೆದು ಹೊಸ ಉಪ್ಪುನೀರು ಬೆರೆಸಬೇಕು. ಸಂಜೆ ಪಂಪ್ ನಿಲ್ಲಿಸಿ ಊಟ ಕೊಡಬೇಕು.

ಊಟ ಕೊಡುವುದು ಅತ್ತೆಗೆ ಮೊದಲ ದಿನವೇ ಕೈಗೆ ಹತ್ತಿತು. ಉದ್ದ ಕೊಳವೆಯ ಸಿರಿಂಜನ್ನು ಹೂಗಳ ಮೇಲೆ ಹಿಡಿದು, ಮುಟ್ಟದೆ, ಉಸಿರು ಬಿಟ್ಟಷ್ಟೇ ಮೆಲ್ಲಗೆ ಒತ್ತುತ್ತಿದ್ದಳು. ಪುಡಿ ಇಬ್ಬನಿಯಂತೆ ಇಳಿಯುತ್ತಿತ್ತು. ಒಂದೊಂದು ಹೂವೂ ಎಸಳು ಮಡಚಿ ಬಾಯಿಗೆ ಒಯ್ಯುತ್ತಿತ್ತು. "ಉಂಡ್ಲಾ?" ಅಂತ ಆ ಮನೆಯಾಕೆ ಕೇಳುವರು. "ಉಂಡ್ಲು" ಅನ್ನುವಳು ಅತ್ತೆ.

ಎಂಟು ದಿನ ಎಲ್ಲ ಸರಿಯಾಗಿತ್ತು. ಒಂಬತ್ತನೇ ದಿನ ಹವಳದ ಬಲಗಡೆ ಹೂಗಳು ಹೊರಗೆ ಬರಲಿಲ್ಲ. ಹನ್ನೊಂದನೇ ದಿನಕ್ಕೆ ಅರ್ಧ ಚೆಂಡು ಬೋಳು. ಉಳಿದವು ಗಿಡ್ಡಗೆ, ಚಳಿಗೆ ಕುಗ್ಗಿದ ಬೆರಳುಗಳ ಹಾಗೆ ಅರ್ಧಕ್ಕೇ ನಿಂತಿದ್ದವು. ಅತ್ತೆ ವಾರದ ಪಾಳಿಯ ನೀರು ಬದಲಾಯಿಸಿದಳು, ಇನ್ನಷ್ಟು ಮುದುಡಿತು. ಮೀನಿನ ಅಂಗಡಿಯವನನ್ನು ಕೇಳಿದೆವು. "ಆ ಜಾತಿನೇ ಹಾಗಮ್ಮಾ. ಎಂಟು ವರ್ಷ ಬದುಕಿದ್ದೇ ಹೆಚ್ಚು, ಬಿಡಿ" ಅಂದ.

ಮರುದಿನ ಕುರ್ಚಿಯ ಪಕ್ಕಕ್ಕೆ ಮಂಚ ಬಂತು. ಯಜಮಾನರು ಮೊದಲು ಕೇಳಿದ್ದೇ ಅದನ್ನು. "ಹೇಗಿದೆ?"

"ಚೆನ್ನಾಗಿದೆ" ಅಂದಳು ಅತ್ತೆ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ. ಅದೂ ಅವಳೇ ಬಂದು ಹೇಳಿಕೊಂಡದ್ದರಿಂದ ಗೊತ್ತಾದದ್ದು. "ಅವರು ನಂಬ್ಲಿಲ್ಲ ಕಣೇ. ಸುಮ್ನೆ ನನ್ನ ಮುಖ ನೋಡಿ, ಕಣ್ಣು ಮುಚ್ಕೊಂಡ್ರು."

ಅದರ ಮರುಬೆಳಿಗ್ಗೆ ಅತ್ತೆ ಎಂದಿನಂತೆ ಹಿಂದಿನ ಕೋಣೆಯಲ್ಲಿ ನೀರು ಹಿಡಿದು, ಪುಡಿ ಹಾಕಿ, ಬೆಳಕಿಗೆ ಎತ್ತಿ ಹಿಡಿದಳು. ತಿಳಿ. ಹಾಗೆ ಕೈ ಎತ್ತಿಕೊಂಡೇ ನಿಂತುಬಿಟ್ಟಳಂತೆ. ಇಲ್ಲಿ ಇಷ್ಟು ವರ್ಷ ಒಂದು ದಿನವೂ ತಪ್ಪಿಸದ ಕೆಲಸವನ್ನು ಅಲ್ಲಿ ಒಂದು ದಿನವೂ ಮಾಡಿರಲಿಲ್ಲ. ಮನೆಯ ನೀರು, ಯಜಮಾನರೇ ಜೋಡಿಸಿದ ಶುದ್ಧಿಯಂತ್ರ, ಅದಕ್ಕೇನು ನೋಡುವುದು ಅಂತ ಬಿಟ್ಟಿದ್ದಳು.

ಆ ಸಂಜೆ ಅವಳು ಪುಡಿಯ ಪೊಟ್ಟಣ ಜೇಬಿಗೆ ಹಾಕಿಕೊಂಡು ಬಂದಳು. ಶುದ್ಧಿಯಂತ್ರದ ಕೊಳವೆಯಿಂದ ನೀರು ಹಿಡಿದು ಪುಡಿ ಹಾಕಿದಳು. ನಾನು ಪಕ್ಕದಲ್ಲೇ ಇದ್ದೆ. ನೀರು ನೋಡನೋಡುತ್ತಿದ್ದಂತೆ ನಸುಗೆಂಪಾಯಿತು, ಆಮೇಲೆ ಚೆನ್ನಾಗಿಯೇ ಕೆಂಪಾಯಿತು. ಅತ್ತೆ ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತಳು.

"ಎರಡು ವಾರದ ಹಿಂದೆ ಬೀದೀಲಿ ಕೊಳವೆ ಒಡೆದು ರಿಪೇರಿ ಮಾಡಿದ್ರು. ಆಮೇಲಿಂದ ನೀರು ಒಂಥರಾ ಔಷಧಿ ವಾಸನೆ" ಅಂದರು ಆ ಮನೆಯಾಕೆ. ದೂರು ಪುಸ್ತಕದ ಕೊನೆಯ ಪುಟದಲ್ಲಿ ಯಜಮಾನರ ಅಕ್ಷರ ಇತ್ತು: "ಇದ್ದಿಲು ಮುಗಿಯುತ್ತ ಬಂದಿದೆ. ಸೋಮವಾರ ಬದಲಿಸುವುದು." ಅವರು ಬಚ್ಚಲಲ್ಲಿ ಬಿದ್ದದ್ದು ಭಾನುವಾರ. ಸತ್ವ ಕಳೆದ ಇದ್ದಿಲಿನ ಮೂಲಕ, ಕ್ಲೋರಿನ್ ತುಂಬಿದ ನೀರನ್ನು ಅತ್ತೆ ದಿನಾ ತನ್ನ ಕೈಯಾರೆ ಅಳೆದು ಅಳೆದು ಹವಳದ ಮೇಲೆ ಹೊಯ್ದಿದ್ದಳು.

"ನಾನೇ ಕೊಂದೆ" ಅಂದಳು.

"ಇನ್ನೂ ಸತ್ತಿಲ್ಲ" ಅಂದರು ಆ ಮನೆಯಾಕೆ, ಗಾಜಿಗೆ ಓರೆಯಾಗಿ ಮುಖ ತಿರುಗಿಸಿ. "ನನ್ನ ಸವತಿ ಅಷ್ಟು ಸುಲಭಕ್ಕೆ ಜಾಗ ಬಿಟ್ಟುಕೊಡೋಳಲ್ಲ."

ಮಾರನೆಯ ದಿನ ಅತ್ತೆ ಮೂರನೇ ಮಹಡಿಗೆ ತಾನೇ ಹತ್ತಿಹೋದಳು. ರೋಗಿಯೊಬ್ಬರ ಹಾಸಿಗೆಯ ಬಳಿ ಕೆಲಸವಿಲ್ಲದೆ ಅವಳು ಕೂತದ್ದು ಎಷ್ಟೋ ವರ್ಷದ ಮೇಲೆ ಅದೇ ಮೊದಲು. ಎಲ್ಲವನ್ನೂ ಹೇಳಿದಳು: ನೀರು, ಇದ್ದಿಲು, ಸುಳ್ಳು.

"ಅಮ್ಮಾ, ಲಿಫ್ಟ್ ನಡುವೆ ನಿಂತುಹೋದ್ರೆ ನಾವು ಮೊದಲು ಏನ್ ಮಾಡ್ತೀವಿ ಗೊತ್ತಾ? ರಿಪೇರಿ ಅಲ್ಲ. ಒಳಗಿರೋರ ಹತ್ರ ಮಾತಾಡ್ತೀವಿ. 'ನಾನಿದೀನಿ, ಹೀಗಾಗಿದೆ, ಇಷ್ಟು ಹೊತ್ತಾಗತ್ತೆ.' ಅಷ್ಟು ಹೇಳಿದ್ರೆ ಜನ ಒಂದು ಗಂಟೆ ಕತ್ತಲಲ್ಲಿ ಸಮಾಧಾನವಾಗಿ ನಿಂತ್ಕೋತಾರೆ. ಹೇಳದೆ ಇದ್ರೆ ಐದೇ ನಿಮಿಷಕ್ಕೆ ಬಾಗಿಲು ಒದೀತಾರೆ. ಮೊನ್ನೆ ನೀವು ಚೆನ್ನಾಗಿದೆ ಅಂದಾಗಿಂದ ನಾನು ಒಳಗೆ ಬಾಗಿಲು ಒದೀತಾ ಇದ್ದೆ. ಈಗ ಗೊತ್ತಾಯ್ತಲ್ಲ. ಹೋಗಿ, ರಿಪೇರಿ ಮಾಡಿ."

ಅತ್ತೆ ಹೇಳುತ್ತಿದ್ದಳು, ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಂತ. ಮೆಟ್ಟಿಲ ತಿರುವಿನಲ್ಲಿ ನಿಂತು ಮುಖ ಒರೆಸಿಕೊಂಡು ಕೆಳಗಿಳಿದಳಂತೆ.

ರಿಪೇರಿ ಶುರುವಾಯಿತು. ಹೊಸ ಇದ್ದಿಲು ಬರಲು ಒಂದು ವಾರ ಬೇಕಿತ್ತು. ಆಸ್ಪತ್ರೆಯ ಶುದ್ಧ ನೀರಿನ ತೊಟ್ಟಿಯನ್ನು ತೊಳೆಯಲು ಪ್ರತಿ ಶನಿವಾರ ಖಾಲಿ ಮಾಡುತ್ತಿದ್ದರು. ಆ ನೀರೆಲ್ಲ ಮೋರಿಗೆ ಹೋಗುತ್ತಿತ್ತು. ಅತ್ತೆ ಹಿರಿಯ ಡಾಕ್ಟರ ಬಳಿ ಹೋಗಿ, ಮೋರಿಗೆ ಬಿಡುವ ನೀರಿನಲ್ಲಿ ನಾಲ್ಕು ಕ್ಯಾನ್ ಬೇಕು ಅಂತ ಕೇಳಿದಳು. ಅವಳು ಅಷ್ಟು ವರ್ಷದಲ್ಲಿ ಕೇಳಿದ ಮೊದಲ ವಸ್ತು ಅದು. ಯಾಕೆ ಅಂತಲೂ ಕೇಳದೆ ಅವರು ಚೀಟಿ ಬರೆದುಕೊಟ್ಟರು.

ಕ್ಯಾನುಗಳನ್ನು ಸ್ಕೂಟರಿನಲ್ಲಿ ಸಾಗಿಸಿದೆವು. ಆ ಮೆಟ್ಟಿಲು ಹತ್ತಿಸುವುದು ನಮ್ಮಿಬ್ಬರಿಂದ ಆಗದು ಅಂತ ಅಮ್ಮನೂ ಬಂದಳು. "ಹೆತ್ತ ಮಗಳಿಗೂ ಇಷ್ಟು ನೀರು ಹೊತ್ತಿರಲಿಲ್ಲ" ಅಂತ ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ಹೇಳಿದಳು. ಮೇಲೆ ಹೋಗಿ ಹವಳ ನೋಡಿದ ಮೇಲೆ ಮಾತ್ರ ದನಿ ತಗ್ಗಿಸಿ, "ಪಾಪ, ಕೂಸಿಗೆ ಮೈ ಹುಷಾರಿಲ್ಲ" ಅಂದಳು. ಅಮ್ಮನೂ ಆ ಮನೆಯಾಕೆಯೂ ಅಂದು ಮಾತಿಗೆ ಕೂತವರು ಎರಡು ಗಂಟೆ ಏಳಲಿಲ್ಲ.

ಅತ್ತೆ ಉಪ್ಪು ಬೆರೆಸಿ, ಒಂದು ದಿನ ತಿರುಗಲು ಬಿಟ್ಟು, ಬಿಸಿ ಸಮ ಮಾಡಿ, ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬದಲಿಸಿದಳು. ಪ್ರತಿ ಸಲವೂ ಪುಡಿ ಹಾಕಿ, ಬೆಳಕಿಗೆ ಎತ್ತಿ ನೋಡಿಯೇ ಹೊಯ್ದಳು. ಅರಳುವ ನಾಲ್ಕೈದು ಹೂಗಳಿಗೆ ಮಾತ್ರ, ಒಂದೊಂದಕ್ಕೇ, ಊಟ ಕೊಟ್ಟಳು. ನಾನು ಅಂಗಡಿಯಿಂದ ತಂದ ಭೂತಗನ್ನಡಿ ಹಿಡಿದಿರುತ್ತಿದ್ದೆ. ಬಲಗಡೆ ಎರಡು ಹೆಬ್ಬೆರಳಿನಗಲ ಮಾಂಸ ಕರಗಿಹೋಗಿ ಕೆಳಗಿನ ಬಿಳಿ ಕಲ್ಲು ಕಂಡಿತು, ಜೇನುಗೂಡಿನಂಥ ಸಣ್ಣ ಸಣ್ಣ ಗುಳಿಗಳು. ಒಂದೊಂದು ಗುಳಿಯೂ ಒಂದು ಜೀವ ಇದ್ದ ಮನೆ. ಅತ್ತೆ ಅದನ್ನು ಎಣಿಸಿ ಪುಸ್ತಕದಲ್ಲಿ ಬರೆದಳು: "ದೂರು: ಅರವತ್ತೆರಡು ಹೋದವು. ಕ್ರಮ: ಅವರಿಗೆ ಹೇಳಿದೆ."

ನಿಜಕ್ಕೂ ಹೇಳುತ್ತಿದ್ದಳು. ವಾರಕ್ಕೆ ಮೂರು ದಿನ, ಸೂಜಿ ಚುಚ್ಚುತ್ತ, ಇವತ್ತು ಎಷ್ಟು ಅರಳಿದವು, ಎಷ್ಟು ಇಲ್ಲ. ಪಕ್ಕದ ಕುರ್ಚಿಗಳವರೂ ಕಿವಿಗೊಟ್ಟರು. ಐದನೇ ಕುರ್ಚಿಯಾಕೆ ಯಜಮಾನರಿಗಿಂತ ಮೊದಲೇ "ಇವತ್ತು ಹೇಗಿದೆ?" ಅಂತ ಕೇಳಲು ಶುರು ಮಾಡಿದರು. ಒಂದು ದಿನ ಅದೇ ಐದನೇ ಕುರ್ಚಿಯಾಕೆ, "ನೀರಮ್ಮಾ, ನನ್ನದು ಹೇಗಿದೆ? ನಿಜ ಹೇಳಿ" ಅಂದರು. ಅತ್ತೆ ಸ್ಟೂಲು ಎಳೆದುಕೊಂಡು ಕೂತು, ಕೈಯಲ್ಲಿನ ರಕ್ತನಾಳ ಸೋಲುತ್ತಿರುವುದನ್ನು, ಇನ್ನೊಂದು ಕೈಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೊಸ ನಾಳ ಜೋಡಿಸಬೇಕಾದೀತು ಅನ್ನುವುದನ್ನು, ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ ಅನ್ನುವುದನ್ನು ತಿಳಿಸಿ ಹೇಳಿದಳು. ಆಕೆ ಅತ್ತರು, ಆಮೇಲೆ ಚಹಾ ಕೇಳಿದರು.

ನಾಲ್ಕನೇ ವಾರದ ಕೊನೆಗೆ ಎಡಗಡೆಯ ಹೂಗಳೆಲ್ಲ ಮತ್ತೆ ಉದ್ದಕ್ಕೆ ಚಾಚಿದವು. ಅದಾದ ಒಂದೆರಡು ದಿನಕ್ಕೆ ಆ ಮನೆಯಾಕೆ ನಮ್ಮನ್ನು ಬಾಗಿಲಲ್ಲೇ ತಡೆದರು. ಮುಖದಲ್ಲಿ ತುಂಟತನ. "ಒಂದು ಸುದ್ದಿ ಇದೆ. ನನ್ನ ಸವತಿ ಬಸುರಿ."

ಎಂಟು ವರ್ಷದಿಂದ ದಿನಾ ಅದರ ಮುಂದೆ ಕೂತು ಹೊಲಿಯುತ್ತಿದ್ದ ಅವರ ಕಣ್ಣಿನ ಅಂಚಿಗೆ ಏನೋ ಹೊಸದು ಬಿದ್ದಿತ್ತು. ಭೂತಗನ್ನಡಿ ಹಿಡಿದು ನೋಡಿದರೆ, ಹೂಗಳ ನಡುವೆ ಬಟಾಣಿಯಷ್ಟು ದಪ್ಪದ ಮೂರು ಗಂಟುಗಳು. ಅತ್ತೆ ಫೋನು ತೆಗೆದು ಚಿತ್ರ ಹಿಡಿದಳು. ಆಸ್ಪತ್ರೆಯವಳಲ್ಲವೇ, ಗಂಟು ಅಂದರೆ ರೋಗವನ್ನೇ ನೆನೆಯುವವಳು. ಮರುದಿನ ಯಜಮಾನರಿಗೆ ಚಿತ್ರ ತೋರಿಸಿದಾಗ ಅವರು ಮಂಚ ಅಲುಗುವಂತೆ ನಕ್ಕರು. "ಮರಿಗಳು! ಈ ಜಾತಿ ಹೀಗೇ ಮೈಮೇಲೆ ಮರಿ ಕಟ್ಕೊಳ್ಳತ್ತೆ. ಒಳಗೇ ಚೂರು ಕಲ್ಲು ಕೂಡಿಸ್ಕೊಂಡು, ಭಾರ ಆದಾಗ ಕೆಳಗೆ ಉದುರತ್ತೆ. ಎಂಟು ವರ್ಷ ಆಗಿತ್ತು, ಒಂದೂ ಬಿಟ್ಟಿರಲಿಲ್ಲ."

ಯಜಮಾನರು ಊರುಗೋಲು ಹಿಡಿದು ಮನೆಗೆ ಬಂದ ದಿನ ಟೈರ್ ಅಂಗಡಿಯವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತರು. "ಜೀವಮಾನವೆಲ್ಲ ಊರಿಗೆ ಲಿಫ್ಟ್ ಹಾಕಿದೆ, ನನ್ನ ಮನೆಗೇ ಇಲ್ಲ" ಅಂತ ಅವರು ನಗುತ್ತಲೇ ಬಂದು ತೊಟ್ಟಿಯ ಮುಂದೆ ಕೂತರು. ಅತ್ತೆ ಹಿಂದೆ, ಬಾಗಿಲ ಹತ್ತಿರ ನಿಂತಿದ್ದಳು. ಬಲಗಡೆಯ ಬಿಳಿ ಕಲೆಯನ್ನು ಅವರು ಬಹಳ ಹೊತ್ತು ನೋಡಿದರು.

"ಇಲ್ಲಿ ಬನ್ನಿ" ಅಂತ ಅತ್ತೆಯನ್ನು ಕರೆದರು. "ಅಂಚು ನೋಡಿ. ಹಸಿರು ಆಗಲೇ ಕಲ್ಲಿನ ಮೇಲೆ ಹತ್ತೋಕೆ ಶುರು ಮಾಡಿದೆ. ಒಂದೆರಡು ವರ್ಷಕ್ಕೆ ಮುಚ್ಚಿಬಿಡತ್ತೆ."

ಅದು ಪೂರ್ತಿ ಮುಚ್ಚಲಿಲ್ಲ, ಆದರೆ ಮುಕ್ಕಾಲು ಮುಚ್ಚಿತು. ಅಷ್ಟನ್ನು ಯಜಮಾನರು ನೋಡಿದರು. ಆಮೇಲೆ ಮೂರು ವರ್ಷ ಅವರು ಬದುಕಿದ್ದರು. ಪ್ರತಿ ಭಾನುವಾರ ಅತ್ತೆ ಅವರ ಮನೆಗೆ ಹೋಗುತ್ತಿದ್ದಳು. ಹೋಗುವುದಕ್ಕೆ ಹವಳ ಒಂದು ನೆಪ ಅಂತ ಅಮ್ಮ ಹೇಳಿದರೆ ಅಲ್ಲವೆನ್ನುತ್ತಿರಲಿಲ್ಲ. ಉದುರಿದ ಮೂರು ಮರಿಗಳಲ್ಲಿ ಒಂದು ಬದುಕಲಿಲ್ಲ, ಒಂದನ್ನು ಯಜಮಾನರು ಇನ್ನೊಬ್ಬ ಹವ್ಯಾಸಿಗೆ ಕೊಟ್ಟರು, ಮೂರನೆಯದು ನಮ್ಮ ಮನೆಗೆ ಬಂತು. ತೊಟ್ಟಿ ಎಲ್ಲಿಡುವುದು ಅಂತ ವಾರಗಟ್ಟಲೆ ಜಗಳವಾಡಿ, ಕೊನೆಗೆ ಅಮ್ಮನೇ ಟಿವಿಯನ್ನು ಒಳಕೋಣೆಗೆ ಸಾಗಿಸಿದಳು.

ಯಜಮಾನರ ಹೃದಯ ಸೋಲತೊಡಗಿದಾಗ ಅವರಿಗೆ ಅದನ್ನು ಮೊದಲು ಹೇಳಿದ್ದು ಅತ್ತೆ. ಡಾಕ್ಟರೇ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. "ಎಷ್ಟು ಹೊತ್ತಾಗತ್ತೆ?" ಅಂದರಂತೆ ಯಜಮಾನರು. "ಕೆಲವು ವಾರ. ನಾನಿರ್ತೀನಿ" ಅಂದಳಂತೆ ಅತ್ತೆ. ಇದ್ದಳು. ಕೊನೆಯ ದಿನ ಅವರು ಮಾತು ನಿಲ್ಲಿಸಿದ ಮೇಲೂ ಕೈ ಹಿಡಿದು ಕೂತು, ಆ ಬೆಳಿಗ್ಗೆ ಹವಳ ಯಾವ ಕಡೆ ವಾಲಿತ್ತು ಅನ್ನುವುದನ್ನು ಹೇಳುತ್ತಲೇ ಇದ್ದಳು. ಒಬ್ಬರ ಪಕ್ಕದಲ್ಲಿ ಅತ್ತೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ತೊಟ್ಟಿಯನ್ನು ನಮ್ಮ ಮನೆಗೆ ತರೋಣ ಅಂತ ನಾನು ಅಂದಾಗ ಆ ಮನೆಯಾಕೆ ಒಪ್ಪಲಿಲ್ಲ. "ಇಷ್ಟು ವರ್ಷ ಜಗಳ ಆಡ್ಕೊಂಡು ಒಟ್ಟಿಗಿದ್ದೀವಿ, ಈಗ ಬೇರೆ ಆಗೋದಾ?" ಅಂದರು. ಅತ್ತೆ ಅವರಿಗೆ ಅಳತೆಯ ಪಾತ್ರೆಗಳಿಗೆ ದಾರದ ಗಂಟು ಕಟ್ಟಿಕೊಟ್ಟಳು, ಬೆರಳಿನಿಂದ ಮುಟ್ಟಿ ತಿಳಿಯುವ ಹಾಗೆ. ಹೊಲಿಗೆಯ ಬೆರಳುಗಳು, ಒಂದು ವಾರಕ್ಕೆ ಕಲಿತವು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ನಮ್ಮ ಮನೆಯ ಹವಳವೂ ಮೊದಲ ಮರಿ ಹಾಕಿತು. ಬೆಳಿಗ್ಗೆ ಮೈಮೇಲಿದ್ದದ್ದು ಮಧ್ಯಾಹ್ನ ಕಾಣಲಿಲ್ಲ. ನಿವೃತ್ತಳಾಗಿ ಮನೆಯಲ್ಲೇ ಇದ್ದ ಅತ್ತೆ ಎಲ್ಲರಿಗೂ ಫೋನ್ ಮಾಡಿಬಿಟ್ಟಳು. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಯಜಮಾನರ ಮನೆಯಾಕೆಯೂ ಬಂದು, ಮೂವರು ಹೆಂಗಸರೂ ತೊಟ್ಟಿಯ ಮುಂದೆ ಮಂಡಿಯೂರಿ, ಟಾರ್ಚು ಹಿಡಿದು ಮರಳು ಹುಡುಕುತ್ತಿದ್ದರು. "ಆ ಕಡೆ ಬಿಡಿ, ಈ ಕಡೆ ನೋಡಿ" ಅಂತ ಅಮ್ಮನ ದರ್ಬಾರು. ಕೊನೆಗೆ ಸಿಕ್ಕಿದ್ದು ಪಂಪಿನ ಹಿಂದೆ, ಕಲ್ಲಿನ ಸಂದಿಯಲ್ಲಿ, ತಲೆಕೆಳಗಾಗಿ. ಅತ್ತೆ ಚಮಚದಿಂದ ಅದನ್ನೆತ್ತಿ, ನೇರ ಮಾಡಿ, ಬೆಳಕು ಅಷ್ಟು ಜೋರಾಗಿ ಬೀಳದ ಕಡೆ ಮರಳಲ್ಲಿ ಕೂರಿಸಿದಳು. ಅದು ಮುಚ್ಚಿಕೊಂಡೇ ಇತ್ತು. ಹತ್ತು ದಿನ ಹಾಗೇ ಇತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ಬಂದಾಗ, ಅತ್ತೆ ಗಾಜಿಗೆ ಮೂಗು ತಾಗಿಸಿಕೊಂಡು ಕೂತಿದ್ದವಳು, ತಿರುಗದೆಯೇ ಮೂರು ಬೆರಳು ಎತ್ತಿ ತೋರಿಸಿದಳು. ಮೂರು ಹೂ ಹೊರಗೆ ಬಂದಿದ್ದವು.